ಪೊಲೀಸ್ ಕೇಸಿಗೆ ಸಿಕ್ಕ ಮಕ್ಕಳು, ಅವರ ಮನಸ್ಸಿನ ಆರೈಕೆ: ಗಡಿಯ ಕುಟುಂಬಗಳು ತಿಳಿದಿರಬೇಕಾದ ವಿಷಯ



ಕಳೆದ ಎರಡು ಮಾಸಿಕ ಸಭೆಗಳಲ್ಲಿ ಕಾರ್ಯಸೂಚಿಯಲ್ಲಿ ಇಲ್ಲದ ವಿಷಯವೇ ಹೆಚ್ಚು ಹೊತ್ತು ತೆಗೆದುಕೊಂಡಿತು. ಹದಿನೆಂಟು ತುಂಬದ ಹುಡುಗರು ಪೊಲೀಸ್ ಕೇಸಿಗೆ ಸಿಕ್ಕಾಗ ಅವರನ್ನು ಎಲ್ಲಿಗೆ ಕರೆದೊಯ್ಯುತ್ತಾರೆ? ಅಲ್ಲಿ ‘ಕೌನ್ಸೆಲಿಂಗ್’ ಎಂದು ಕೊಡುವುದು ಏನು? ಮನೆಯವರು ಅದನ್ನು ಕೇಳಿ ಪಡೆಯಬಹುದೇ? ಪಡೆದರೆ ಹುಡುಗನಿಗೆ ಜೀವನಪೂರ್ತಿ ‘ತಲೆ ಸರಿ ಇಲ್ಲ’ ಎಂಬ ಹಣೆಪಟ್ಟಿ ಬೀಳುತ್ತದೆಯೇ? ಸದಸ್ಯರು ಕೇಳಿದ್ದು ಇಷ್ಟು. ಚಹಾ ಆರಿಹೋಗುವವರೆಗೆ ಚರ್ಚೆ ನಡೆಯಿತು, ಆದರೆ ಅರ್ಧ ಮಾತು ಊಹೆಯ ಮೇಲೆ ಹೋಯಿತು. ಆದ್ದರಿಂದ ಕಾಯ್ದೆಯ ಪುಸ್ತಕವನ್ನು ಮುಂದಿಟ್ಟುಕೊಂಡು, ತಿಳಿದ ಮಟ್ಟಿಗೆ ಇಲ್ಲಿ ಬರೆಯುತ್ತಿದ್ದೇವೆ. ಸ್ವಲ್ಪ ಉದ್ದವಾಗಿದೆ, ತಾವು ಬಿಡುವು ಮಾಡಿಕೊಂಡು ಓದಬೇಕು.

ಮೊದಲಿಗೆ ಕಾಯ್ದೆ. ಈಗ ಜಾರಿಯಲ್ಲಿರುವುದು ಬಾಲ ನ್ಯಾಯ (ಮಕ್ಕಳ ಪಾಲನೆ ಮತ್ತು ರಕ್ಷಣೆ) ಕಾಯ್ದೆ, 2015. ಅದು ಜಾರಿಗೆ ಬಂದದ್ದು 2016ರ ಜನವರಿ 15ರಂದು. ಅಪರಾಧ ನಡೆದ ದಿನ ಹದಿನೆಂಟು ತುಂಬಿರದವರೆಲ್ಲ ಈ ಕಾಯ್ದೆಗೆ ಮಕ್ಕಳೇ, ಮೀಸೆ ಬಂದಿರಲಿ, ಕೂಲಿಗೆ ಹೋಗುತ್ತಿರಲಿ, ಮದುವೆಯೇ ಆಗಿರಲಿ. ಇಂಥವರನ್ನು ‘ಆರೋಪಿ’, ‘ಕೈದಿ’ ಎಂದು ಕರೆಯುವುದಿಲ್ಲ. ‘ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ ಮಗು’ ಎಂದು ಉದ್ದನೆಯ ಹೆಸರಿದೆ. ಸರ್ಕಾರಿ ಕಡತಗಳ ಉದ್ದನೆ ಹೆಸರುಗಳ ಬಗ್ಗೆ ನಮಗೆ ಅಂಥ ಪ್ರೀತಿಯೇನಿಲ್ಲ, ಆದರೆ ಈ ಹೆಸರಿಗೆ ಒಂದು ಕಾರಣವಿದೆ. ಹುಡುಗ ಬೇರೆ, ಅವನು ಮಾಡಿದ ಕೆಲಸ ಬೇರೆ ಎಂದು ಅದು ನೆನಪಿಸುತ್ತದೆ.

ಇಂಥ ಮಗುವನ್ನು ಪೊಲೀಸರು ಹಿಡಿದರೆ ಕಲಂ 10ರಂತೆ ವಿಶೇಷ ಬಾಲ ಪೊಲೀಸ್ ಘಟಕಕ್ಕೆ ಇಲ್ಲವೇ ಠಾಣೆಯ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿಗೆ ಒಪ್ಪಿಸಬೇಕು. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಬಾಲ ನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಲಾಕಪ್ಪಿಗೆ ಹಾಕುವಂತಿಲ್ಲ, ಜೈಲಿಗೂ ಹಾಕುವಂತಿಲ್ಲ. ಮಂಡಳಿ ಎಂದರೆ ಒಬ್ಬ ಮ್ಯಾಜಿಸ್ಟ್ರೇಟರು, ಜೊತೆಗೆ ಇಬ್ಬರು ಸಮಾಜ ಕಾರ್ಯಕರ್ತರು. ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆ ಇರಬೇಕು. ಜಾಮೀನು ಕೊಡುವುದೇ ಸಾಮಾನ್ಯ ನಿಯಮ. ಬಿಟ್ಟರೆ ಹುಡುಗ ಅಪರಾಧಿಗಳ ಸಹವಾಸಕ್ಕೆ ಬೀಳುತ್ತಾನೆ, ಅಥವಾ ಅವನಿಗೇ ಅಪಾಯವಿದೆ, ಅಥವಾ ನ್ಯಾಯದ ಉದ್ದೇಶ ಕೆಡುತ್ತದೆ ಎಂದು ಕಂಡಾಗ ಮಾತ್ರ ವೀಕ್ಷಣಾಲಯಕ್ಕೆ ಕಳಿಸುತ್ತಾರೆ. ಜಾಮೀನು ಸಿಕ್ಕಿಯೂ ಅದರ ಷರತ್ತು ಪೂರೈಸಲಾಗದೆ 7 ದಿನ ಒಳಗೇ ಉಳಿದರೆ, ಷರತ್ತು ಸಡಿಲಿಸಲು ಮತ್ತೆ ಮಂಡಳಿಯ ಮುಂದೆ ತರಬೇಕು. ಬಡವರ ಮನೆಗಳಿಗೆ ಈ ಕೊನೆಯ ಮಾತು ಮುಖ್ಯ. ಹಣದ ಷರತ್ತು ಕೇಳಿ ಹೆದರಿ ಮನೆಯಲ್ಲಿ ಕೂರುವವರೇ ಹೆಚ್ಚು.

ಇನ್ನು ಮನಸ್ಸಿನ ವಿಷಯ. ಅದರ ಆರೈಕೆ ಶುರುವಾಗಬೇಕಾದದ್ದು ವೀಕ್ಷಣಾಲಯದಲ್ಲಿ ಎಂದು ಹಲವರು ತಿಳಿದಿದ್ದಾರೆ. ನಮ್ಮ ಅಭಿಪ್ರಾಯದಲ್ಲಿ ಅದು ಶುರುವಾಗಬೇಕಾದದ್ದು ಠಾಣೆಯ ಮೊದಲ ರಾತ್ರಿ. ಹೀಗೆನ್ನಲು ನಮ್ಮ ಜಿಲ್ಲೆಯದೇ ಒಂದು ಕಾರಣವಿದೆ. 2025ರ ಏಪ್ರಿಲ್ 1ರ ಬೆಳಿಗ್ಗೆ ಕಲ್ಪೆಟ್ಟ ಪೊಲೀಸ್ ಠಾಣೆಯ ಶೌಚಾಲಯದಲ್ಲಿ ಒಬ್ಬ ಆದಿವಾಸಿ ಹುಡುಗ ಸತ್ತು ಸಿಕ್ಕಿದ. ಕಾಣೆಯಾಗಿದ್ದ ಹುಡುಗಿಯೊಬ್ಬಳ ಜೊತೆ ಕಲ್ಲಿಕೋಟೆಯಲ್ಲಿ ಪತ್ತೆಯಾದ ಅವನನ್ನು ಹಿಂದಿನ ರಾತ್ರಿ ಠಾಣೆಗೆ ಕರೆತಂದಿದ್ದರು. ದೊಡ್ಡವನೆಂದು ಲೆಕ್ಕ ಹಾಕಲಾಗಿತ್ತು. ಆಮೇಲೆ ದಾಖಲೆ ನೋಡಿದರೆ ಅವನಿಗೆ ಹದಿನೆಂಟು ತುಂಬಲು ಸುಮಾರು ಎರಡು ತಿಂಗಳು ಬಾಕಿ ಇತ್ತು. ಆ ಹುಡುಗನ ಹೆಸರನ್ನು ನಾವು ಬರೆಯುವುದಿಲ್ಲ, ಸದಸ್ಯರೂ ಹಂಚಿಕೊಳ್ಳಬಾರದು. ತಪ್ಪು ಯಾರದೆಂದು ತೀರ್ಮಾನಿಸಲು ನಾವು ನ್ಯಾಯಾಲಯವಲ್ಲ. ಆದರೆ ಹದಿನೇಳು ವರ್ಷ ಹತ್ತು ತಿಂಗಳ ಹುಡುಗ ಠಾಣೆಯಲ್ಲಿ ಒಂದು ರಾತ್ರಿ ಕಳೆದದ್ದು, ಬೆಳಿಗ್ಗೆ ಜೀವಂತ ಇಲ್ಲದಿದ್ದದ್ದು ನಮ್ಮ ಜಿಲ್ಲೆಯಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ.

ಹಿಡಿದ ಮೊದಲ ಒಂದೆರಡು ದಿನ ಹದಿಹರೆಯದವರಿಗೆ ಬಹಳ ಅಪಾಯದ ಸಮಯ. ನಾಚಿಕೆ, ಹೆದರಿಕೆ, ಮನೆಯವರಿಗೆ ಮುಖ ತೋರಿಸುವುದು ಹೇಗೆಂಬ ಸಂಕಟ ಎಲ್ಲ ಒಟ್ಟಿಗೆ ಮೇಲೆ ಬೀಳುತ್ತವೆ. ನಾಳೆ ಏನಾಗುತ್ತದೆ ಎಂದು ಹೇಳುವವರು ಪಕ್ಕದಲ್ಲಿ ಇರುವುದಿಲ್ಲ. ಕುಡಿತ, ಗಾಂಜಾ ಅಭ್ಯಾಸ ಇದ್ದವರಿಗೆ ಅದು ಥಟ್ಟನೆ ನಿಂತು ನಿದ್ದೆ ಇಲ್ಲದೆ, ಕೈ ನಡುಗಿ, ಸಿಡಿಮಿಡಿ ಶುರುವಾಗುತ್ತದೆ. ಅದನ್ನು ಸೊಕ್ಕು ಎಂದು ತಿಳಿಯುವವರಿದ್ದಾರೆ. ಆದ್ದರಿಂದ ಮನೆಯವರು ಠಾಣೆಗೆ ಹೋದಾಗ ಜಾಮೀನಿನ ಮಾತಿಗೆ ಮೊದಲು ಎರಡು ಸಂಗತಿ ಹೇಳಬೇಕು: ಹುಡುಗನ ವಯಸ್ಸು ಎಷ್ಟು, ಅವನಿಗೆ ಮೊದಲೇ ಏನಾದರೂ ತೊಂದರೆ ಇದೆಯೇ. ಹಿಂದೆ ಜೀವ ಕಳೆದುಕೊಳ್ಳಲು ಹೊರಟಿದ್ದನೇ, ಮೂರ್ಛೆ ರೋಗವಿದೆಯೇ, ಮಾತ್ರೆ ನುಂಗುತ್ತಿದ್ದಾನೆಯೇ ಎಂದು ಹೇಳಲು ಸಂಕೋಚಪಡಬಾರದು. ಬರೆದು ಕೊಟ್ಟರೆ ಇನ್ನೂ ಒಳ್ಳೆಯದು. ಬರೆದ ಕಾಗದ ಕಡತದಲ್ಲಿ ಉಳಿಯುತ್ತದೆ.

ವಯಸ್ಸಿಗೆ ದಾಖಲೆ ಯಾವುದು ಎಂಬುದನ್ನು ಕಲಂ 94 ಹೇಳುತ್ತದೆ. ಮೊದಲು ಶಾಲೆಯ ಜನ್ಮದಿನಾಂಕ ಪ್ರಮಾಣಪತ್ರ ಅಥವಾ ಹತ್ತನೆ ತರಗತಿಯ ಸರ್ಟಿಫಿಕೇಟು. ಅದು ಇಲ್ಲದಿದ್ದರೆ ಪಂಚಾಯಿತಿ ಅಥವಾ ನಗರಸಭೆಯ ಜನನ ಪ್ರಮಾಣಪತ್ರ. ಎರಡೂ ಇಲ್ಲದಿದ್ದರೆ ಮಾತ್ರ ಮೂಳೆ ಪರೀಕ್ಷೆ, ಅದನ್ನೂ ಆದೇಶವಾದ 15 ದಿನದೊಳಗೆ ಮುಗಿಸಬೇಕು. ಆಧಾರ್ ಕಾರ್ಡನ್ನು ಈ ಪಟ್ಟಿಯಲ್ಲಿ ಹೇಳಿಲ್ಲ ಎಂಬುದನ್ನು ಗಮನಿಸಿ. ನೂಲ್ಪುಳ ಪಂಚಾಯಿತಿಯ ಕಾಡಂಚಿನ ಮನೆಗಳಲ್ಲಿ ಅರ್ಧದಲ್ಲೇ ಶಾಲೆ ಬಿಟ್ಟ ಮಕ್ಕಳಿದ್ದಾರೆ, ಶುಂಠಿ ಕೆಲಸಕ್ಕೆಂದು ಕೊಡಗು, ಹೆಗ್ಗಡದೇವನಕೋಟೆ ಕಡೆಗೆ ಹೋದವರಿದ್ದಾರೆ. ಕಾಗದ ಶಾಲೆಯಲ್ಲೇ ಉಳಿದಿರುತ್ತದೆ. ಅದನ್ನು ತಂದು ಜೆರಾಕ್ಸ್ ಮಾಡಿಸಿ ಮನೆಯಲ್ಲಿ ಇಟ್ಟುಕೊಳ್ಳಿ ಎಂದು ನಾವು ಹೇಳುವುದು ಗುಮಾಸ್ತರ ಹಳೆಯ ಚಾಳಿ ಎಂದು ನಗುವವರು ನಗಲಿ.

ಮಂಡಳಿಯ ಮುಂದೆ ಬಂದ ಮೇಲೆ ಪರಿವೀಕ್ಷಣಾಧಿಕಾರಿ ಎರಡು ವಾರದೊಳಗೆ ಸಾಮಾಜಿಕ ತನಿಖಾ ವರದಿ ಕೊಡಬೇಕು. ಮನೆ ಹೇಗಿದೆ, ಯಾರ ಸಹವಾಸ, ಶಾಲೆ ಯಾಕೆ ಬಿಟ್ಟ, ಮನೆಯಲ್ಲಿ ಹೊಡೆತ ಬಡಿತ ಇತ್ತೇ ಎಂಬುದೆಲ್ಲ ಅದರಲ್ಲಿ ಬರುತ್ತದೆ. ಬಹಳ ಮನೆಗಳಲ್ಲಿ ಈ ಅಧಿಕಾರಿ ಬಂದಾಗ ‘ಎಲ್ಲ ಚೆನ್ನಾಗಿದೆ ಸಾರ್’ ಎಂದು ಹೇಳಿ ಕಳಿಸುತ್ತಾರೆ. ಮಾನ ಮುಚ್ಚಿಕೊಳ್ಳುವ ಆಸೆ ಸಹಜ. ಆದರೆ ಹುಡುಗನಿಗೆ ಯಾವ ಸಹಾಯ ಬೇಕೆಂದು ಮಂಡಳಿಗೆ ತಿಳಿಯುವುದು ಮುಖ್ಯವಾಗಿ ಈ ವರದಿಯಿಂದಲೇ. ತಂದೆ ಕುಡಿದು ಹೊಡೆಯುತ್ತಿದ್ದರೆ ಅದನ್ನು ಹೇಳಬೇಕು. ಕಲಂ 99ರಂತೆ ಇಂಥ ವರದಿಗಳು ಗೋಪ್ಯ.

ವೀಕ್ಷಣಾಲಯದಲ್ಲಿ ಸಿಗಬೇಕಾದ ಸೇವೆಗಳ ಪಟ್ಟಿ ಕಲಂ 53ರಲ್ಲಿದೆ. ಊಟ, ಬಟ್ಟೆ, ಓದು, ಕಸುಬಿನ ತರಬೇತಿಯ ಜೊತೆಗೆ ಮಾನಸಿಕ ಆರೋಗ್ಯದ ಚಿಕಿತ್ಸೆ ಮತ್ತು ಆ ಮಗುವಿನ ಅಗತ್ಯಕ್ಕೆ ತಕ್ಕ ಆಪ್ತ ಸಮಾಲೋಚನೆ ಎಂದು ಸ್ಪಷ್ಟವಾಗಿ ಬರೆದಿದೆ. ಅಂದರೆ ಇದು ಯಾರೋ ದಯೆಯಿಂದ ಕೊಡುವುದಲ್ಲ. ಕೊನೆಗೆ ಮಂಡಳಿ ಆದೇಶ ಮಾಡುವಾಗಲೂ ಕಲಂ 18ರಲ್ಲಿ ಬುದ್ಧಿವಾದ ಹೇಳಿ ಮನೆಗೆ ಕಳಿಸುವುದರಿಂದ ಹಿಡಿದು ಗುಂಪು ಸಮಾಲೋಚನೆ, ಸಮುದಾಯ ಸೇವೆ, ವ್ಯಸನಮುಕ್ತಿ ಚಿಕಿತ್ಸೆಯವರೆಗೆ ಹಲವು ದಾರಿಗಳಿವೆ. ವಿಶೇಷ ಗೃಹಕ್ಕೆ ಕಳಿಸಿದರೂ ಮೂರು ವರ್ಷ ಮೀರುವಂತಿಲ್ಲ.

ಆಪ್ತ ಸಮಾಲೋಚನೆ ಎಂದರೆ ಉಪದೇಶವಲ್ಲ ಎಂದು ಇಲ್ಲಿ ಹೇಳಿಬಿಡುತ್ತೇವೆ, ಏಕೆಂದರೆ ಸಭೆಯಲ್ಲಿ ಹಿರಿಯರೊಬ್ಬರು ‘ನಾಲ್ಕು ಬುದ್ಧಿಮಾತು ನಾವೇ ಹೇಳಬಹುದಲ್ಲ’ ಎಂದರು. ಹುಡುಗನಿಗೆ ಬುದ್ಧಿಮಾತಿನ ಬರ ಇರುವುದಿಲ್ಲ, ಹುಟ್ಟಿದಂದಿನಿಂದ ಕೇಳಿಯೇ ಬಂದಿರುತ್ತಾನೆ. ಸಮಾಲೋಚಕರು ಮೊದಲು ಕೇಳಿಸಿಕೊಳ್ಳುತ್ತಾರೆ. ಸಿಟ್ಟು ಬಂದಾಗ ಕೈ ಏಳುವ ಮೊದಲು ಏನಾಗುತ್ತದೆ, ಗೆಳೆಯರು ಕರೆದಾಗ ಇಲ್ಲ ಎನ್ನಲು ಯಾಕೆ ಆಗುವುದಿಲ್ಲ, ರಾತ್ರಿ ಯಾವ ಕನಸು ಎಚ್ಚರಗೊಳಿಸುತ್ತದೆ ಎಂದು ಹುಡುಗನ ಬಾಯಿಂದಲೇ ಹೊರಬರುವಂತೆ ಮಾಡುವುದು ಆ ಕೆಲಸ. ಒಂದು ದಿನಕ್ಕೆ ಮುಗಿಯುವುದಿಲ್ಲ.

ಈಗ ನಮ್ಮ ಸಂಘಕ್ಕೆ ನೇರವಾಗಿ ಸಂಬಂಧಿಸಿದ ಮಾತಿಗೆ ಬರುತ್ತೇವೆ. ಬಾಯಿಂದ ಹೊರಬರಬೇಕು ಎಂದರೆ ಯಾವ ಭಾಷೆಯಲ್ಲಿ?

ಮುತ್ತಂಗದಲ್ಲಿ ಮಲಯಾಳ ಬಾರದವರಿಲ್ಲ ಎಂದು ಅಧಿಕಾರಿಗಳು ಹೇಳುವುದನ್ನು ಕೇಳಿದ್ದೇವೆ. ಅಂಗಡಿಗೆ, ಬಸ್ಸಿಗೆ, ಪಡಿತರಕ್ಕೆ ಸಾಕಾಗುವಷ್ಟು ಮಲಯಾಳ ಎಲ್ಲರಿಗೂ ಬರುತ್ತದೆ, ನಿಜ. ಆದರೆ ಮನೆಯೊಳಗೆ ಕನ್ನಡ ಆಡುವ ಕುಟುಂಬಗಳಿವೆ. ಕಾಡಿನ ಅಂಚಿನಲ್ಲಿರುವ ಕಾಟ್ಟುನಾಯ್ಕರ ಮಾತು ಕನ್ನಡಕ್ಕೆ ಹತ್ತಿರದ್ದು, ಗಡಿಯಾಚೆಯ ಜೇನು ಕುರುಬರ ಮಾತಿನ ನೆಂಟಸ್ತಿಕೆಯದು. ಹುಡುಗ ಹೆದರಿದಾಗ ಅವನಿಗೆ ಬರುವುದು ಮನೆಯ ಮಾತು. ಒಂದು ಉದಾಹರಣೆ ಕೊಡುತ್ತೇವೆ. ಮಲಯಾಳದಲ್ಲಿ ‘ಅರ್ಥವಾಯಿತೇ’ ಎಂದು ಕೇಳಲು ‘ಮನಸ್ಸಿಲಾಯೋ’ ಎನ್ನುತ್ತಾರೆ. ಕನ್ನಡದ ಕಿವಿಗೆ ಅದು ‘ಮನಸ್ಸಿಲ್ಲವೋ’ ಎಂದು ಕೇಳುತ್ತದೆ. ಗಡಿಯಾಚೆಯಿಂದ ಹೊಸದಾಗಿ ಬಂದ ಹುಡುಗ ‘ಇಲ್ಲ ಇಲ್ಲ, ಮನಸ್ಸಿದೆ’ ಎಂದು ತಲೆ ಅಲ್ಲಾಡಿಸಿದರೆ ಎದುರಿಗಿರುವವರು ಏನು ಬರೆದುಕೊಳ್ಳುತ್ತಾರೆ? ಅಂಗಡಿಯಲ್ಲಿ ಇದು ನಗೆಚಾಟಿಕೆ. ಮನಸ್ಸನ್ನು ಅಳೆಯುವ ಕೋಣೆಯಲ್ಲಿ ಇದೇ ವರದಿಯಾಗುತ್ತದೆ.

ಹಾಗೆ ಅಳೆಯುವ ಸಂದರ್ಭ ಯಾವುದೆಂದು ತಿಳಿಸುತ್ತೇವೆ. ಕಾಯ್ದೆಯಲ್ಲಿ ಅಪರಾಧಗಳನ್ನು ಸಣ್ಣ, ಗಂಭೀರ, ಘೋರ ಎಂದು ಮೂರು ಮಾಡಿದ್ದಾರೆ. ಕನಿಷ್ಠ ಶಿಕ್ಷೆ ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚು ಇರುವುದು ಘೋರ. ಹದಿನಾರು ತುಂಬಿದ ಹುಡುಗನ ಮೇಲೆ ಘೋರ ಅಪರಾಧದ ಆರೋಪ ಬಂದರೆ ಕಲಂ 15ರ ಪ್ರಕಾರ ಮಂಡಳಿ ‘ಪ್ರಾಥಮಿಕ ಮೌಲ್ಯಮಾಪನ’ ಮಾಡುತ್ತದೆ. ಆ ಕೆಲಸ ಮಾಡುವ ಮಾನಸಿಕ, ದೈಹಿಕ ಶಕ್ತಿ ಅವನಿಗಿತ್ತೇ, ಅದರ ಪರಿಣಾಮ ಅವನಿಗೆ ತಿಳಿಯುತ್ತಿತ್ತೇ, ಯಾವ ಸಂದರ್ಭದಲ್ಲಿ ಅದು ನಡೆಯಿತು ಎಂದು ನೋಡುತ್ತಾರೆ. ಅವನು ತಪ್ಪು ಮಾಡಿದ್ದಾನೆಯೇ ಎಂಬುದು ಇಲ್ಲಿ ಪ್ರಶ್ನೆಯಲ್ಲ. ಮೊದಲು ಹಾಜರುಪಡಿಸಿದ ದಿನದಿಂದ ಮೂರು ತಿಂಗಳೊಳಗೆ ಇದು ಮುಗಿಯಬೇಕು. ಇದರ ಮೇಲೆ ಹುಡುಗನನ್ನು ಮಂಡಳಿಯೇ ವಿಚಾರಿಸುತ್ತದೆಯೋ ಅಥವಾ ದೊಡ್ಡವರಂತೆ ವಿಚಾರಣೆ ಮಾಡಬಹುದಾದ ಮಕ್ಕಳ ನ್ಯಾಯಾಲಯಕ್ಕೆ ಹೋಗುತ್ತಾನೆಯೋ ಎಂಬುದು ನಿಂತಿದೆ.

‘ಘೋರ’ ಎಂದರೆ ಕೊಲೆ, ಅತ್ಯಾಚಾರ ಮಾತ್ರ ಎಂದು ತಿಳಿಯಬೇಡಿ. ನಮ್ಮ ಮುತ್ತಂಗದ ಅಬಕಾರಿ ಚೆಕ್‌ಪೋಸ್ಟಿನಲ್ಲಿ ಎಂಡಿಎಂಎ ಹಿಡಿದ ಸುದ್ದಿ ಪತ್ರಿಕೆಯಲ್ಲಿ ಮತ್ತೆ ಮತ್ತೆ ಬರುತ್ತದೆ. ಮಾದಕ ವಸ್ತು ಕಾಯ್ದೆಯಲ್ಲಿ ಎಂಡಿಎಂಎಗೆ ‘ವಾಣಿಜ್ಯ ಪ್ರಮಾಣ’ 10 ಗ್ರಾಂ. ಅದಕ್ಕಿಂತ ಹೆಚ್ಚಿದ್ದರೆ ಕನಿಷ್ಠ ಶಿಕ್ಷೆ ಹತ್ತು ವರ್ಷ, ಆದ್ದರಿಂದ ಅದು ಘೋರ ಅಪರಾಧದ ಸಾಲಿಗೆ ಬರುತ್ತದೆ. ಗುಂಡ್ಲುಪೇಟೆಯಲ್ಲಿ ಬಸ್ಸು ಹತ್ತಿದ ಹದಿನೇಳರ ಹುಡುಗನ ಬ್ಯಾಗಿನಲ್ಲಿ ಯಾರೋ ಅಣ್ಣಂದಿರು ಇಟ್ಟ ಚಿಕ್ಕ ಪೊಟ್ಟಣ ಸಿಕ್ಕಿತು ಎಂದಿಟ್ಟುಕೊಳ್ಳಿ. ಒಂದು ಹಿಡಿ ಉಪ್ಪಿಗಿಂತ ಕಡಿಮೆ ತೂಕ. ಅಷ್ಟಕ್ಕೇ ಅವನ ಮನಸ್ಸಿನ ಪರೀಕ್ಷೆ ನಡೆಯುತ್ತದೆ, ಅದೂ ಅವನದಲ್ಲದ ಭಾಷೆಯ ಜಿಲ್ಲೆಯಲ್ಲಿ. ಪೊಟ್ಟಣ ಕೊಟ್ಟು ಕಳಿಸಿದವರಿಗೆ ಕಲಂ 78ರಲ್ಲಿ ಏಳು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷದವರೆಗೆ ದಂಡ ಇದೆ. ಅವರ ಹೆಸರು ಹೊರಬರಬೇಕಾದರೂ ಹುಡುಗ ಹೆದರದೆ ಮಾತಾಡಬೇಕು.

ಸುದ್ದಿ ಸಂಜೆ ತಲುಪಿತು ಎಂದರೆ ತಾಯಿತಂದೆಯ ಕಷ್ಟ ಕೇಳಬೇಡಿ. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂಡೀಪುರದ ದಾರಿ ಮುಚ್ಚಿರುತ್ತದೆ. 2009ರಿಂದ ಈ ನಿಯಮವಿದೆ, ಆನೆಗಳಿಗೆ ಅದರಿಂದ ಒಳ್ಳೆಯದೇ ಆಗಿದೆ, ನಮ್ಮ ತಕರಾರಿಲ್ಲ. ಆದರೆ ಗುಂಡ್ಲುಪೇಟೆಯ ತಂದೆ ಬೆಳಗಾಗುವವರೆಗೆ ಮದ್ದೂರು ಗೇಟಿನ ಆಚೆ ಕಾಯಬೇಕು. ಆ ಹೊತ್ತಿನಲ್ಲಿ ಹುಡುಗನ ಜೊತೆ ಅವನ ಮಾತಿನಲ್ಲಿ ಮಾತಾಡುವವರು ಗೇಟಿನ ಈಚೆ ಇರುವ ನಾವೇ. ವಿಚಾರಣೆಯ ನಡುವೆ ಇಂಥ ಮಗುವನ್ನು ಅವನ ಸ್ವಂತ ಜಿಲ್ಲೆಗೆ ವರ್ಗಾಯಿಸಲು ಕಲಂ 95ರಲ್ಲಿ ಅವಕಾಶವಿದೆ. ಆ ಜಿಲ್ಲೆಯ ಮಂಡಳಿಯ ಜೊತೆ ಸಮಾಲೋಚಿಸಿ ಆದೇಶ ಮಾಡುತ್ತಾರೆ. ಮನೆಯವರು ವಕೀಲರ ಮೂಲಕ ಕೇಳಿಕೊಳ್ಳಬಹುದು.

ಭಾಷೆಯ ಬಗ್ಗೆ ಕಾಯ್ದೆ ಸುಮ್ಮನಿಲ್ಲ. ಕಲಂ 8ರಲ್ಲಿ ಮಂಡಳಿಯ ಕರ್ತವ್ಯಗಳನ್ನು ಹೇಳುವಾಗ, ನಡಾವಳಿಯ ಭಾಷೆ ಮಗುವಿಗೆ ಅರ್ಥವಾಗದಿದ್ದರೆ ದುಭಾಷಿಯನ್ನು ಅಥವಾ ಅನುವಾದಕರನ್ನು ಒದಗಿಸಬೇಕು, ಅವರಿಗೆ ನಿಗದಿತ ಶುಲ್ಕ ಕೊಡಬೇಕು ಎಂದಿದೆ. ಇದೇ ಕಲಂನಲ್ಲಿ ಉಚಿತ ಕಾನೂನು ನೆರವಿನ ಮಾತೂ ಇದೆ. ಪ್ರತಿ ಹಂತದಲ್ಲೂ ಮಗು ಮತ್ತು ತಂದೆತಾಯಿ ತಿಳಿದು ಭಾಗವಹಿಸುವಂತೆ ನೋಡಿಕೊಳ್ಳಬೇಕು ಎಂದೂ ಇದೆ. ಆದರೆ ಯಾರೂ ಕೇಳದಿದ್ದರೆ ‘ಮಲಯಾಳ ಬರುತ್ತದೆ’ ಎಂದೇ ಕಡತದಲ್ಲಿ ಬೀಳುತ್ತದೆ. ಕೇಳುವುದಕ್ಕೆ ದೊಡ್ಡ ಅರ್ಜಿ ಬೇಡ. ‘ಮಗುವಿನ ಮನೆಮಾತು ಕನ್ನಡ (ಅಥವಾ ಕಾಟ್ಟುನಾಯ್ಕರ ಮಾತು). ಕಲಂ 8ರಂತೆ ದುಭಾಷಿಯನ್ನು ಒದಗಿಸಬೇಕು. ಮನಶ್ಶಾಸ್ತ್ರಜ್ಞರ ಭೇಟಿಯ ವೇಳೆಯೂ ದುಭಾಷಿ ಇರಬೇಕು’ ಎಂದು ಮೂರು ವಾಕ್ಯ ಬರೆದು, ದಿನಾಂಕ ಹಾಕಿ, ನಕಲಿನ ಮೇಲೆ ಸ್ವೀಕೃತಿ ಪಡೆದರೆ ಸಾಕು. ಸ್ವೀಕೃತಿ ಇಲ್ಲದ ಅರ್ಜಿ ಕೊಟ್ಟಂತೆಯೇ ಅಲ್ಲ.

ಮೌಲ್ಯಮಾಪನಕ್ಕೆ ಮನಶ್ಶಾಸ್ತ್ರಜ್ಞರ ನೆರವು ‘ಪಡೆಯಬಹುದು’ ಎಂದು ಕಲಂ 15ರಲ್ಲಿ ಇದ್ದುದಕ್ಕೆ 2022ರ ಜುಲೈ 13ರಂದು ಸುಪ್ರೀಂ ಕೋರ್ಟು ಅರ್ಥ ಬಿಗಿಮಾಡಿತು. ಗುರುಗ್ರಾಮದ ಶಾಲೆಯೊಂದರಲ್ಲಿ ನಡೆದ ಬಾಲಕನ ಕೊಲೆ ಪ್ರಕರಣದಲ್ಲಿ ಬಂದ ತೀರ್ಪು ಅದು. ಮಂಡಳಿಯ ಸದಸ್ಯರಲ್ಲಿ ಮಕ್ಕಳ ಮನಶ್ಶಾಸ್ತ್ರ ಅಥವಾ ಮನೋವೈದ್ಯಕೀಯ ಓದಿದವರು ಇಲ್ಲದಿದ್ದರೆ ಅನುಭವಿ ತಜ್ಞರ ನೆರವು ಪಡೆಯಲೇಬೇಕು ಎಂದು ಅದು ಹೇಳಿತು. ಇದು ಸೂಕ್ಷ್ಮವಾದ ಕೆಲಸ, ಯಾಂತ್ರಿಕವಾಗಿ ಮಾಡುವಂಥದ್ದಲ್ಲ ಎಂಬುದು ಅದರ ತಿರುಳು. ಬುದ್ಧಿಮತ್ತೆಯ ಅಂಕಿ ಒಂದನ್ನೇ ನೋಡಿ ತೀರ್ಮಾನಕ್ಕೆ ಬಂದರೆ ಸಾಲದು.

ಒಳ್ಳೆಯ ಮೌಲ್ಯಮಾಪನ ಹೇಗಿರುತ್ತದೆ ಎಂದು ತಿಳಿಯಬೇಕಾದರೆ ಬೆಂಗಳೂರಿನ ನಿಮ್ಹಾನ್ಸ್ ಕಡೆ ನೋಡಬೇಕು. ಅಲ್ಲಿನ ಮಕ್ಕಳ ಮನೋವೈದ್ಯ ವಿಭಾಗ 2014ರಿಂದ ಕರ್ನಾಟಕ ಸರ್ಕಾರದ ಮಹಿಳಾ ಮತ್ತು ಮಕ್ಕಳ ಇಲಾಖೆಯ ನೆರವಿನಿಂದ ಸಮುದಾಯ ಮಟ್ಟದ ಸೇವೆ ನಡೆಸಿ, ವೀಕ್ಷಣಾಲಯದ ಮಕ್ಕಳ ಜೊತೆಗೂ ಕೆಲಸ ಮಾಡಿತು. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರದ ನೆರವಿನಿಂದ ‘ಸಂವಾದ್’ ಎಂಬ ಯೋಜನೆಯಾಗಿ ಆ ಅನುಭವ ದೇಶಕ್ಕೆಲ್ಲ ತರಬೇತಿ ಕೊಡುವ ಮಟ್ಟಕ್ಕೆ ಬೆಳೆಯಿತು. ಅವರು ಸಿದ್ಧಪಡಿಸಿದ ನಮೂನೆಯಲ್ಲಿ ‘ಯಾಕೆ ಮಾಡಿದೆ’ ಎಂಬ ಗದರಿಕೆಗೆ ಜಾಗವಿಲ್ಲ. ಮನೆ, ಶಾಲೆ, ಗೆಳೆಯರು, ನಶೆ, ಹಿಂದೆ ಅನುಭವಿಸಿದ ಹಿಂಸೆ, ಈಗಿನ ಖಿನ್ನತೆ ಇವೆಲ್ಲ ಕೇಳಿ, ಈ ಹುಡುಗ ಆ ಘಟನೆಯವರೆಗೆ ಹೇಗೆ ಬಂದು ತಲುಪಿದ ಎಂದು ದಾರಿ ಹುಡುಕುತ್ತಾರೆ. ಮುಂದೆ ಅವನಿಗೆ ಏನು ಬೇಕು ಎಂಬುದೂ ಅದರಲ್ಲಿ ಇರುತ್ತದೆ. ಇದನ್ನೆಲ್ಲ ಅರೆಬರೆ ಭಾಷೆಯಲ್ಲಿ ಕೇಳಲು ಸಾಧ್ಯವೇ ಎಂದು ತಾವೇ ಯೋಚಿಸಿ. ಪ್ರಶ್ನೆ ಅರ್ಥವಾಗದೆ ‘ಹೂಂ’ ಎಂದವನು ‘ಪರಿಣಾಮ ತಿಳಿದಿದ್ದ’ ಎನಿಸಿಕೊಳ್ಳುತ್ತಾನೆ. ಸುಮ್ಮನೆ ನೆಲ ನೋಡಿದವನಿಗೆ ‘ಪಶ್ಚಾತ್ತಾಪವಿಲ್ಲ’ ಎಂದಾಗುತ್ತದೆ.

ಶಾಲೆಯ ವಿಷಯದಲ್ಲಿ ಕೇರಳ ಸರ್ಕಾರ ಇದನ್ನು ಒಪ್ಪಿಕೊಂಡಿದೆ. 2017ರಲ್ಲಿ ವಯನಾಡಿನ ಪ್ರಾಥಮಿಕ ಶಾಲೆಗಳಿಗೆ ‘ಗೋತ್ರಬಂಧು’ ಎಂದು ಆದಿವಾಸಿ ಸಮುದಾಯದಿಂದಲೇ ಶಿಕ್ಷಕರನ್ನು ನೇಮಿಸಿದ್ದು ಮಕ್ಕಳಿಗೆ ಅವರ ಮಾತಿನಲ್ಲಿ ಹೇಳುವವರು ಬೇಕೆಂದೇ. ಒಂದನೆ ತರಗತಿಯ ಲೆಕ್ಕಕ್ಕೆ ಬೇಕಾದ ಮನೆಮಾತು ಮಂಡಳಿಯ ಮುಂದೆ ಬೇಡವಾಗುವುದು ಹೇಗೆ?

ಹುಡುಗನಿಗೆ ನಿಜವಾಗಿಯೂ ಮಾನಸಿಕ ಕಾಯಿಲೆ ಇದ್ದರೆ, ಅಥವಾ ನಶೆಯ ಚಟ ಕೈಮೀರಿದ್ದರೆ, ಕಲಂ 93ರಂತೆ ಮಂಡಳಿ ಆಸ್ಪತ್ರೆಗೆ ಸೇರಿಸಲು ಆದೇಶಿಸಬಹುದು. ನಮ್ಮ ಕಡೆಯವರಿಗೆ ಆಗ ನೆನಪಾಗುವುದು ಕಲ್ಲಿಕೋಟೆಯ ಕುದಿರವಟ್ಟಂ. 1872ರಲ್ಲಿ ಶುರುವಾದ ಆಸ್ಪತ್ರೆ ಅದು. ಕನ್ನಡದವರು ನಿಮ್ಹಾನ್ಸ್ ಹೆಸರು ಹೇಳಿ ಗೇಲಿ ಮಾಡುವಂತೆ ಇಲ್ಲಿ ಆ ಊರಿನ ಹೆಸರೇ ಬೈಗುಳವಾಗಿಬಿಟ್ಟಿದೆ. ಭಯಪಡುವ ಅಗತ್ಯವಿಲ್ಲ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ ಕಲಂ 87ರಲ್ಲಿ ಹದಿನೆಂಟರ ಕೆಳಗಿನವರಿಗೆ ವಿಶೇಷ ನಿಯಮಗಳಿವೆ. ದೊಡ್ಡವರ ವಾರ್ಡಿನಲ್ಲಿ ಇಡುವಂತಿಲ್ಲ. ದಾಖಲಾಗಿರುವಷ್ಟು ದಿನವೂ ಮನೆಯವರಾಗಲಿ ನೇಮಿಸಿದ ಸಹಾಯಕರಾಗಲಿ ಜೊತೆಗಿರಬೇಕು, ಹುಡುಗಿಯಾದರೆ ಮಹಿಳೆಯೇ ಇರಬೇಕು. ಎಲ್ಲ ಮಕ್ಕಳಿಗೂ ಆಸ್ಪತ್ರೆ ಬೇಕಾಗುವುದಿಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರು ಸರ್ಕಾರಿ ಆಸ್ಪತ್ರೆಗಳಲ್ಲಿ ನೋಡುತ್ತಾರೆ. ಅಬಕಾರಿ ಇಲಾಖೆಯ ‘ವಿಮುಕ್ತಿ’ ಯೋಜನೆಯಲ್ಲಿ ವ್ಯಸನಕ್ಕೆ ಚಿಕಿತ್ಸೆ ಇದೆ. ಫೋನಿನಲ್ಲಿ ಮಾತಾಡಿದರೆ ಸಾಕೆನ್ನುವವರಿಗೆ 14416 ಟೆಲಿ ಮಾನಸ್ ಇದೆ. ಅದು 2022ರ ಅಕ್ಟೋಬರ್ 10ರಂದು ಶುರುವಾಯಿತು, ಕನ್ನಡವನ್ನೂ ಮಲಯಾಳವನ್ನೂ ಆರಿಸಿಕೊಳ್ಳಬಹುದು, ಹಣ ಕೊಡಬೇಕಾಗಿಲ್ಲ. ಮಗು ಅಪಾಯದಲ್ಲಿದ್ದರೆ 1098, ಉಚಿತ ವಕೀಲರಿಗೆ 15100. ಈ ಮೂರು ಸಂಖ್ಯೆಗಳನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಟ್ಟುಕೊಳ್ಳಿ.

ಸಭೆಯಲ್ಲಿ ಇನ್ನೊಂದು ಮಾತು ಬಂತು: ‘ತಪ್ಪು ಮಾಡಿದವನಿಗೆ ಇಷ್ಟೆಲ್ಲ ಉಪಚಾರ ಯಾಕೆ?’ ತಾಮರಶ್ಶೇರಿಯ ಘಟನೆ ಎಲ್ಲರ ಮನಸ್ಸಿನಲ್ಲಿತ್ತು. ಮಕ್ಕಳ ಹೊಡೆದಾಟದಲ್ಲಿ ಗಾಯಗೊಂಡ ಹತ್ತನೆ ತರಗತಿಯ ಹುಡುಗನೊಬ್ಬ 2025ರ ಮಾರ್ಚ್ 1ರಂದು ತೀರಿಕೊಂಡ. ಆರೋಪ ಹೊತ್ತ ಮಕ್ಕಳನ್ನು ವೆಳ್ಳಿಮಾಡುಕುನ್ನಿನ ವೀಕ್ಷಣಾಲಯದಲ್ಲಿ ಇರಿಸಿ, ಅಲ್ಲೇ ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆಸಿದರು. ಹೊರಗೆ ಪ್ರತಿಭಟನೆ ನಡೆಯಿತು. ಮಗನನ್ನು ಕಳೆದುಕೊಂಡವರ ಸಿಟ್ಟನ್ನು ತಪ್ಪೆನ್ನುವ ಅಧಿಕಾರ ನಮಗಿಲ್ಲ, ಅವರಿಗೂ ಸಾಂತ್ವನ, ಸಮಾಲೋಚನೆ ಬೇಕು. ಆದರೆ ಆರೋಪ ಹೊತ್ತ ಮಕ್ಕಳು ಒಂದು ದಿನ ಹೊರಗೆ ಬರುವವರೇ. ಓದು ಬಿಟ್ಟು, ಒಳಗೆ ಮಾತು ಸತ್ತು, ಎಲ್ಲರ ಮೇಲೂ ಹಗೆ ಕಟ್ಟಿಕೊಂಡು ಬಂದರೆ ಆ ಊರಿಗೆ ಏನು ಲಾಭ ಎಂದು ಕೇಳಿದವರಿಗೆ ನಮ್ಮ ಸಭೆಯಲ್ಲಿ ಉತ್ತರ ಸಿಗಲಿಲ್ಲ.

ಇದಕ್ಕೆ ಹೊಂದಿಕೊಂಡ ಇನ್ನೊಂದು ಸಂಕಟ ವಯನಾಡಿನಲ್ಲಿದೆ, ಚಿಕ್ಕದಾಗಿ ಹೇಳುತ್ತೇವೆ. ಆದಿವಾಸಿ ಸಮುದಾಯಗಳ ಪದ್ಧತಿಯಂತೆ ಹುಡುಗ ಹುಡುಗಿ ಕೂಡಿ ಬಾಳಲು ಶುರುಮಾಡುತ್ತಾರೆ. ಹುಡುಗಿಗೆ ಹದಿನೆಂಟು ಆಗಿರುವುದಿಲ್ಲ. ಹೆರಿಗೆಗೆ ಆಸ್ಪತ್ರೆಗೆ ಹೋದಾಗ ವಿಷಯ ಹೊರಬಂದು ಹುಡುಗನ ಮೇಲೆ ಪೋಕ್ಸೋ ಕೇಸು ದಾಖಲಾಗುತ್ತದೆ. ಹೀಗೆ ಜೈಲು ಕಂಡ ಯುವಕರು ನಮ್ಮ ಜಿಲ್ಲೆಯಲ್ಲಿ ಇದ್ದಾರೆ. ಚಿಕ್ಕ ವಯಸ್ಸಿನ ಮದುವೆ ಸರಿ ಎಂದು ಸಂಘ ಹೇಳುವುದಿಲ್ಲ. ಆದರೆ ಹುಡುಗನಿಗೂ ಹದಿನೆಂಟು ಆಗಿರದಿದ್ದರೆ ಅವನು ಹೋಗಬೇಕಾದದ್ದು ಬಾಲ ನ್ಯಾಯ ಮಂಡಳಿಗೆ. ತಾನು ಮಾಡಿದ ತಪ್ಪು ಯಾವುದೆಂದೇ ಅವನಿಗೆ ತಿಳಿದಿರುವುದಿಲ್ಲ. ಅದನ್ನು ಅವನ ಮಾತಿನಲ್ಲಿ ತಾಳ್ಮೆಯಿಂದ ತಿಳಿಸುವುದು ಸಮಾಲೋಚನೆಯ ಮೊದಲ ಕೆಲಸ.

ಮುತ್ತಂಗ ಎಂದ ಮೇಲೆ 2003ರ ಫೆಬ್ರವರಿ 19ನ್ನು ಬಿಡಲಾಗುವುದಿಲ್ಲ. ಭೂಮಿಗಾಗಿ ಕಾಡಿನಲ್ಲಿ ಗುಡಿಸಲು ಹಾಕಿದ್ದ ಆದಿವಾಸಿಗಳ ಮೇಲೆ ಅಂದು ಪೊಲೀಸರು ಗುಂಡು ಹಾರಿಸಿದರು. ಹೋರಾಟಗಾರ ಜೋಗಿ ಸತ್ತರು, ಒಬ್ಬ ಪೊಲೀಸರೂ ಸತ್ತರು. ಬಂಧಿತ ತಾಯಂದಿರ ಜೊತೆ ಮಕ್ಕಳೂ ಜೈಲು ಸೇರಿದರು. ಆಗಲೂ ಬಾಲ ನ್ಯಾಯ ಕಾಯ್ದೆ ಇತ್ತು, 2000ದ್ದು. ಆ ಮಕ್ಕಳ ರಾತ್ರಿಗಳ ಬಗ್ಗೆ, ನಿದ್ದೆಯ ಬಗ್ಗೆ ಯಾರಾದರೂ ವಿಚಾರಿಸಿದ್ದು ನಮ್ಮ ನೆನಪಿನಲ್ಲಿಲ್ಲ. ಅವರಲ್ಲಿ ಹಲವರು ಈಗ ತಾವೇ ತಂದೆತಾಯಂದಿರಾಗುವ ವಯಸ್ಸಿನವರು.

ಸಂಘದ ವಾಟ್ಸಾಪ್ ಗುಂಪಿನ ಬಗ್ಗೆ ಒಂದು ಸೂಚನೆ. ಕೇಸಿಗೆ ಸಿಕ್ಕ ಮಕ್ಕಳ ಫೋಟೋ, ಹೆಸರು, ಶಾಲೆ, ಮನೆಯ ವಿವರ ಹಾಕುವುದು ಕಲಂ 74ರಂತೆ ಅಪರಾಧ. ಆರು ತಿಂಗಳವರೆಗೆ ಸಜೆ ಅಥವಾ ಎರಡು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ‘ಬಂದದ್ದನ್ನು ಕಳಿಸಿದೆ’ ಎಂಬ ಸಮಜಾಯಿಷಿ ನಡೆಯುವುದಿಲ್ಲ. ಅಂಥ ಸಂದೇಶ ಕಂಡರೆ ಅಡ್ಮಿನ್‌ಗಳು ಅಳಿಸುತ್ತಾರೆ, ಬೇಸರ ಮಾಡಿಕೊಳ್ಳಬಾರದು. ಹುಡುಗನ ಕಡತದ ಗತಿಯನ್ನೂ ತಿಳಿದಿರಿ. ಮಂಡಳಿಯಲ್ಲಿ ಮುಗಿದ ಪ್ರಕರಣದಿಂದ ಅವನಿಗೆ ಮುಂದೆ ಕೆಲಸಕ್ಕಾಗಲಿ ಇನ್ನೊಂದಕ್ಕಾಗಲಿ ಅನರ್ಹತೆ ಬರುವುದಿಲ್ಲ, ಗೊತ್ತಾದ ಅವಧಿಯ ನಂತರ ದಾಖಲೆಯನ್ನು ನಾಶಪಡಿಸಬೇಕು ಎಂದು ಕಲಂ 24 ಹೇಳುತ್ತದೆ. ಹದಿನಾರು ದಾಟಿ, ಮಕ್ಕಳ ನ್ಯಾಯಾಲಯದಲ್ಲಿ ದೊಡ್ಡವರಂತೆ ವಿಚಾರಣೆಯಾಗಿ ತಪ್ಪಿತಸ್ಥರಾದವರಿಗೆ ಮಾತ್ರ ಇದು ಅನ್ವಯವಾಗುವುದಿಲ್ಲ. ಸರ್ಕಾರ ಅಳಿಸುವ ಕಾಗದವನ್ನು ನಮ್ಮ ಫೋನುಗಳು ಇಟ್ಟುಕೊಂಡಿರಬಾರದು.

ಕೊನೆಗೆ ಕೆಲಸದ ಮಾತು. ಕನ್ನಡ ಮತ್ತು ಮಲಯಾಳ ಎರಡನ್ನೂ ಸರಾಗವಾಗಿ ಆಡಬಲ್ಲ, ಕೇಳಿದ್ದನ್ನು ಹೊರಗೆ ಆಡದ, ಹಗಲು ಹೊತ್ತು ಒಂದು ಫೋನಿಗೆ ಹೊರಟು ಬರಬಲ್ಲ ಸದಸ್ಯರ ಪಟ್ಟಿಯನ್ನು ಸಂಘ ತಯಾರಿಸುತ್ತಿದೆ. ಅದನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೂ ಕೊಡುತ್ತೇವೆ. ದುಭಾಷಿ ಎಂದರೆ ಹುಡುಗ ಹೇಳಿದ್ದನ್ನು ಹೇಳಿದಂತೆಯೇ ದಾಟಿಸುವವರು. ನಡುವೆ ಬುದ್ಧಿ ಹೇಳುವವರು, ಅವನ ಪರವಾಗಿ ಚೆನ್ನಾಗಿ ಕಾಣುವಂತೆ ತಿದ್ದುವವರು ಬೇಡ. ಕಾಟ್ಟುನಾಯ್ಕರ ಮಾತು ಬಲ್ಲವರು ಆ ಸಮುದಾಯದಿಂದಲೇ ಬಂದರೆ ಒಳ್ಳೆಯದು, ಪರಿಚಯವಿದ್ದವರು ತಿಳಿಸಬೇಕು. ಮಹಿಳಾ ಸದಸ್ಯರು ಕನಿಷ್ಠ ಇಬ್ಬರಾದರೂ ಬೇಕು. ಹೆಸರು, ಬಲ್ಲ ಭಾಷೆಗಳು, ಬಿಡುವಿನ ದಿನ ಇಷ್ಟನ್ನು ಕಾಗದದಲ್ಲಿ ಬರೆದು ಮುಂದಿನ ಮಾಸಿಕ ಸಭೆಗೆ ತರುವುದು. ಫೋನಿನಲ್ಲಿ ಹೇಳಿದರೆ ಸಾಲದು, ಸಹಿ ಇರಬೇಕು.

ಕಾರ್ಯದರ್ಶಿ